ಹೊಗೆಯಿಲ್ಲದ ಒಲೆ ಹೊಗೆಯುತ್ತಿದೆ: ಕಟ್ಟಿಗೆ ಹಸಿಯಲ್ಲ, ಕೊಳವೆ ಗಿಡ್ಡ

ಇವರಿಂದ,
ನಿಮ್ಮ ಒಲೆ ಕೊಂಡ ಒಬ್ಬ ಗ್ರಾಹಕಿ,
ಶಿರಸಿ ತಾಲೂಕು, ಉತ್ತರ ಕನ್ನಡ ಜಿಲ್ಲೆ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಒಲೆ ತಯಾರಿಸಿ ಕೂರಿಸಿಕೊಟ್ಟ ಸಂಸ್ಥೆ

ದಿನಾಂಕ: 18-08-2025

ವಿಷಯ: ಎರಡು ಬಾಯಿಯ ಕಟ್ಟಿಗೆ ಒಲೆಯ ಕೊಳವೆ, ಜಾಲರಿ ಬದಲಿಸಿಕೊಡುವ ಅಥವಾ ಹಣ ಹಿಂದಿರುಗಿಸುವ ಕುರಿತು.

ಮಾನ್ಯರೇ,

ಕಳೆದ ಫೆಬ್ರುವರಿ 12ರಂದು ನಿಮ್ಮ ಕಡೆಯವರು ಬಂದು, ನಮ್ಮ ಬಚ್ಚಲಿಗೆ ತಾಗಿಕೊಂಡಿರುವ ಹೊರ ಅಡುಗೆಮನೆಯಲ್ಲಿ ಒಲೆ ಕೂರಿಸಿದರು. ಕೊಳವೆ, ಜಾಲರಿ, ಕೂಲಿ ಎಲ್ಲ ಸೇರಿ 18,500 ರೂಪಾಯಿ ಕೊಟ್ಟಿದ್ದೇವೆ. ಬಿಲ್ಲಿನ ನಕಲು ಲಗತ್ತಿಸಿದೆ. ಮಳೆ ಹಿಡಿದಾಗಿನಿಂದ ಹೊಗೆ ಕೊಳವೆ ಹತ್ತುವ ಬದಲು ಒಲೆಬಾಯಿಂದಲೇ ಹೊರಗೆ ಬರುತ್ತಿದೆ. ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಬೇರೆ ಬೇರೆ ದನಿ, ಉತ್ತರ ಮಾತ್ರ ಒಂದೇ: "ಮೇಡಂ, ನಿಮ್ಮ ಕಟ್ಟಿಗೆ ಹಸಿ ಇರಬೇಕು." ಈ ಒಂದು ಮಾತಿಗೆ ಉತ್ತರ ಕೊಡಲಿಕ್ಕೆಂದೇ ಇಷ್ಟುದ್ದದ ಪತ್ರ ಬರೆಯಬೇಕಾಯಿತು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1988ರಲ್ಲಿ. ಅಂದಿನಿಂದ ಕಟ್ಟಿಗೆ ಒಟ್ಟುವುದು, ಒಣಗಿಸುವುದು, ಉರಿಸುವುದು ನನ್ನದೇ ಪಾಲು. ನಮ್ಮಲ್ಲಿ ಸೊಪ್ಪಿನ ಬೆಟ್ಟದ ಒಣ ಟೊಂಗೆ, ತೋಟದ ಅಡಿಕೆ ದಬ್ಬೆ, ಬೇಲಿಯಂಚಿನ ಅಕೇಶಿಯಾ ಎಲ್ಲವೂ ಶಿವರಾತ್ರಿಯ ಹೊತ್ತಿಗೆ ಕಡಿದು, ಸೀಳಿ, ಮೃಗಶಿರ ಮಳೆಗೆ ಮೊದಲು ಕೊಟ್ಟಿಗೆಯ ಅಟ್ಟ ಸೇರುತ್ತವೆ. ಈ ವರ್ಷ ಉರಿಸುತ್ತಿರುವುದು ಕಳೆದ ವರ್ಷ ಸೀಳಿದ ಕಟ್ಟಿಗೆ. ತುದಿ ಬಿರುಕು ಬಿಟ್ಟಿದೆ, ಸಿಪ್ಪೆ ಉದುರಿದೆ, ಎರಡು ಸೀಳು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ. ಹಸಿ ಕಟ್ಟಿಗೆ ಬಡಿದರೆ ಧಪ್ ಎನ್ನುತ್ತದೆ. ಇಷ್ಟು ಸಾಲದಿದ್ದರೆ ಇನ್ನೊಂದು ಲೆಕ್ಕ ಕೇಳಿ. ಅರ್ಧ ಕಿಲೋದ ಒಂದು ಸೀಳನ್ನು ತೂಗಿ, ಒಲೆಕಟ್ಟೆಯ ಬಿಸಿಯ ಮೇಲೆ ಇಟ್ಟು, ದಿನಕ್ಕೊಮ್ಮೆ ತೂಗುತ್ತ ಹೋದೆ. ಐದನೆಯ ದಿನದಿಂದ ತೂಕ ಇಳಿಯಲಿಲ್ಲ. ಆಗ ಅದು 430 ಗ್ರಾಂ ಇತ್ತು. ಅಂದರೆ ಅದರಲ್ಲಿದ್ದ ನೀರು 70 ಗ್ರಾಂ, ನೂರಕ್ಕೆ ಹದಿನಾಲ್ಕು. ಆಗ ತಾನೇ ಕಡಿದ ಮರದಲ್ಲಿ ತೂಕದ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಮಲೆನಾಡಿನ ಆಷಾಢದಲ್ಲಿ ಹದಿನಾಲ್ಕಕ್ಕಿಂತ ಒಣಗಿದ ಕಟ್ಟಿಗೆ ಬೇಕಿದ್ದರೆ ನೀವೇ ತಂದುಕೊಡಬೇಕು.

ಹಾಗಿದ್ದರೆ ಹೊಗೆ ಎಲ್ಲಿಂದ? ಅದನ್ನು ಕಂಡುಹಿಡಿಯಲು ನನಗೆ ಒಂದು ಊದುಬತ್ತಿ ಸಾಕಾಯಿತು. ಒಲೆ ಹೊತ್ತಿಸಿ ಹತ್ತು ನಿಮಿಷ ಬಿಟ್ಟು, ಒಲೆಬಾಯಿಯ ಮುಂದೆ ಊದುಬತ್ತಿ ಹಿಡಿದರೆ ಅದರ ಹೊಗೆ ಸರ್ರನೆ ಒಳಗೆ ಎಳೆದುಕೊಳ್ಳಬೇಕು. ಎಳೆಯುವ ಒಲೆಯ ಗುರುತು ಅದು. ನಿಮ್ಮ ಒಲೆಯ ಮುಂದೆ ಅದು ಒಳಗೆ ಹೋಗಲಿಲ್ಲ, ನೆಟ್ಟಗೆ ಮೇಲಕ್ಕೂ ಹೋಗಲಿಲ್ಲ, ನನ್ನ ಮುಖಕ್ಕೇ ಬಂತು. ಕೊಳವೆ ತಣ್ಣಗಿದ್ದರೆ ಹೀಗಾಗುತ್ತದೆ ಎಂದು ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ, ಕೊಳವೆಯ ಬುಡದಲ್ಲಿ ಒಣ ಸೋಗೆ ಉರಿಸಿ ಬಿಸಿ ಮಾಡಿಯೂ ನೋಡಿದ್ದೇನೆ. ಎರಡು ನಿಮಿಷ ಎಳೆಯಿತು. ಹೊರಗೆ ಗಾಳಿ ಬೀಸಿದ್ದೇ ಮತ್ತೆ ಮೊದಲಿನಂತೆ.

ಮಗನನ್ನು ಏಣಿ ಹತ್ತಿಸಿ ಅಳತೆ ಮಾಡಿಸಿದೆ. ನಿಮ್ಮ ಕರಪತ್ರದಲ್ಲಿ ಕೊಳವೆ ನಾಲ್ಕು ಇಂಚು ಎಂದಿದೆ. ಕೂರಿಸಿದ್ದು ಮೂರು ಇಂಚಿನದು. ಒಂದೇ ಇಂಚು ತಾನೇ ಎನ್ನಬೇಡಿ. ಹೊಗೆ ಹಾಯುವ ಜಾಗ ಹದಿನಾರು ಪಾಲು ಇರಬೇಕಾದಲ್ಲಿ ಒಂಬತ್ತು ಪಾಲು ಉಳಿಯಿತು, ಹತ್ತಿರ ಹತ್ತಿರ ಅರ್ಧ. ಅದೂ ನೆಟ್ಟಗೆ ಹೋಗಿದ್ದರೆ ಸಹಿಸಬಹುದಿತ್ತೇನೋ. ಒಲೆಯಿಂದ ಮೂರು ಅಡಿ ಎದ್ದು, ಕತ್ತು ಮುರಿದಂತೆ ಮಡಿಸಿ, ಗೋಡೆ ತೂರಿ ನಾಲ್ಕು ಅಡಿ ಅಡ್ಡ ಮಲಗಿ, ಮತ್ತೊಂದು ಮಡಿಕೆಯಲ್ಲಿ ಮೇಲೆದ್ದು ಸೂರಿನ ಕೆಳಗೇ ನಿಂತುಬಿಟ್ಟಿದೆ. ನಮ್ಮ ಮಾಡಿನ ನೆತ್ತಿ ಹದಿನಾರು ಅಡಿ. ನಿಮ್ಮ ಕೊಳವೆಯ ಬಾಯಿ ನೆಲದಿಂದ ಎಂಟು ಅಡಿ.

ಬಿಸಿ ಹೊಗೆ ಹಗುರ, ಅದಕ್ಕೇ ಮೇಲೇರುತ್ತದೆ; ಕೊಳವೆ ನೆಟ್ಟಗೆ ಎತ್ತರ ಹೋದಷ್ಟೂ ಎಳೆತ ಜಾಸ್ತಿ. ಅಡ್ಡ ಮಲಗಿಸಿದ ನಾಲ್ಕು ಅಡಿಯಲ್ಲಿ ಅದು ಏರುವುದಿಲ್ಲ, ತಣ್ಣಗಾಗುತ್ತದೆ ಅಷ್ಟೇ. ಇನ್ನು ಪಡುವಣ ಗಾಳಿ ಮಾಡಿಗೆ ಬಡಿದು ಸೂರಿನ ಕೆಳಗೆ ಒತ್ತುವಾಗ ಅಲ್ಲಿ ಬಾಯಿ ತೆರೆದು ನಿಂತ ಕೊಳವೆಯೊಳಗೆ ನುಗ್ಗದೆ ಇನ್ನೆಲ್ಲಿಗೆ ಹೋಗಬೇಕು? ನೆತ್ತಿಗಿಂತ ಎರಡು ಅಡಿ ಮೇಲೆ ಬಾಯಿ ಇರಬೇಕೆನ್ನುವುದು ಈ ಕೆಲಸ ಬಲ್ಲ ಯಾವ ಮೇಸ್ತ್ರಿಗೂ ಗೊತ್ತು. ಜುಲೈ 8ರಂದು ಬಂದ ನಿಮ್ಮ ಹುಡುಗ ಇದನ್ನೆಲ್ಲ ನೋಡಿ, ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದು, "ಅಮ್ಮಾ, ಗಾಳಿ ತಿರುಗಿ ಹೊಡೀತದೆ, ಅದಕ್ಕೆ ಕಂಪನಿ ಏನು ಮಾಡ್ತದೆ?" ಎಂದ. ಪಾಪ, ಅವನ ತಪ್ಪಲ್ಲ. ಚಹಾ ಕುಡಿಸಿ ಕಳಿಸಿದೆ.

ಇದೇ ಜಾಗದಲ್ಲಿ ಮೊದಲು ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ ಕಟ್ಟಿದ 'ಅಸ್ತ್ರ' ಎಂಬ ಕೇಂದ್ರದವರು ರೂಪಿಸಿದ್ದು. ಹಾಗಾಗಿ ಒಲೆಗೂ ಅದೇ ಹೆಸರು. ನಾನು ಬರುವ ಹೊತ್ತಿಗೆ ನಮ್ಮತ್ತೆ ಅದನ್ನು ಹಾಕಿಸಿಯಾಗಿತ್ತು. ಮಣ್ಣಿನ ಒಲೆ, ಮೂರು ಬಾಯಿ, ಅಡಿಯಲ್ಲಿ ಜಾಲರಿ, ಹಿಂದೆ ನೆಟ್ಟಗೆ ಮಾಡು ತೂರಿದ ಕೊಳವೆ. ಕಟ್ಟಲು ಬಂದ ಮೇಸ್ತ್ರಿ ಮಾಡು ಹತ್ತಿ ಗಾಳಿ ನೋಡುವವರೆಗೆ ಮಣ್ಣು ಮುಟ್ಟಲಿಲ್ಲವಂತೆ. ಅತ್ತೆ ಇದನ್ನು ಎಷ್ಟು ಸಲ ಹೇಳಿದ್ದಾರೋ. ತಿಂಗಳಿಗೊಮ್ಮೆ ಕೊಳವೆಗೆ ಹಗ್ಗ ಕಟ್ಟಿದ ಗೋಣಿಚೀಲ ಇಳಿಬಿಟ್ಟು ಮಸಿ ತೆಗೆಯುತ್ತಿದ್ದೆವು, ವರ್ಷಕ್ಕೊಮ್ಮೆ ಸೆಗಣಿ ಮಣ್ಣಿನಿಂದ ಬಿರುಕು ಮುಚ್ಚುತ್ತಿದ್ದೆವು. ಇಷ್ಟೇ ಖರ್ಚು. 2023ರಲ್ಲಿ ಗೋಡೆ ರಿಪೇರಿಗೆಂದು ಅದನ್ನು ಕೆಡವಿದ್ದು ನನ್ನದೇ ದಡ್ಡತನ. ಆ ಒಲೆ ಕಟ್ಟಬಲ್ಲ ಮೇಸ್ತ್ರಿಯನ್ನು ಎರಡು ವರ್ಷ ಹುಡುಕಿ, ಸಿಗದೆ, ನಿಮ್ಮ ಬಣ್ಣದ ಕರಪತ್ರಕ್ಕೆ ಬಿದ್ದೆವು.

ಗ್ಯಾಸ್ ಇಟ್ಟುಕೊಳ್ಳಬಹುದಲ್ಲ ಎಂದು ನಿಮ್ಮ ಕಾಲ್ ಸೆಂಟರಿನ ಒಬ್ಬರು ಸಲಹೆ ಕೊಟ್ಟರು. ಗ್ಯಾಸಿದೆ, ಗೋಬರ್ ಗ್ಯಾಸೂ ಇದೆ. ಒಳಗಿನ ಅಡುಗೆ ಅದರಲ್ಲೇ. ಆದರೆ ಆರು ಜನರ ಸ್ನಾನಕ್ಕೆ ಒಂದು ಹಂಡೆ ನೀರು, ದನಗಳಿಗೆ ಅಕ್ಕಚ್ಚು, ಇವನ್ನು 14.2 ಕಿಲೋದ ಸಿಲಿಂಡರಿನಲ್ಲಿ ಕಾಯಿಸಿದರೆ ಅದು ಎಷ್ಟು ದಿನ ಬಂದೀತು? ಒಲೆ ಮಾರುವವರೇ ಒಲೆ ಬೇಡ ಎನ್ನುವುದು ಮಾತ್ರ ಮೊದಲ ಸಲ ಕೇಳಿದ್ದು.

ಇನ್ನು ಕಟ್ಟಿಗೆ ಅರ್ಧ ಉಳಿಯುತ್ತದೆ ಎಂಬ ನಿಮ್ಮ ಮಾತು. ಗಾಳಿಯಿಲ್ಲದ ಒಂದು ದಿನ ನೋಡಿಯೇ, ನಿಮಗೆ ಅನ್ಯಾಯವಾಗದಂತೆ, ಒಂದೇ ದಪ್ಪಲೆಯಲ್ಲಿ ಐದೈದು ಲೀಟರ್ ನೀರಿಟ್ಟು ಕುದಿಸಿದೆ. ಅಂಗಳದಲ್ಲಿ ಮೂರು ಕಲ್ಲು ಹೂಡಿದ ಒಲೆಗೆ ತಗುಲಿದ್ದು 950 ಗ್ರಾಂ ಕಟ್ಟಿಗೆ. ನಿಮ್ಮ ಒಲೆಗೆ 1 ಕಿಲೋ 150 ಗ್ರಾಂ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನ್ನ ಸೊಸೆ ಲೆಕ್ಕ ಹಾಕಿ ಹೇಳಿದ್ದು: ಇಂಥ ಕಟ್ಟಿಗೆಯ ಕಿಲೋಗೆ ಸುಮಾರು 3,700 ಕಿಲೋ ಕ್ಯಾಲರಿ ಹಿಡಿದರೆ, ನಿಮ್ಮ ಒಲೆಯಲ್ಲಿ ನೀರಿಗೆ ಮುಟ್ಟಿದ್ದು ನೂರಕ್ಕೆ ಒಂಬತ್ತು ಪಾಲು. ಕರಪತ್ರದ ಹಿಂಬದಿಯಲ್ಲಿ ನೀವು ಭಾರತೀಯ ಮಾನಕದ ಸಂಖ್ಯೆ ಐಎಸ್ 13152 ಭಾಗ 1 ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಸೊಸೆ ಅದನ್ನೂ ತೆಗೆದು ಓದಿದಳು. 2013ರ ಆ ಮಾನಕದಂತೆ ಫ್ಯಾನಿಲ್ಲದ ಒಲೆ ಕನಿಷ್ಠ ನೂರಕ್ಕೆ 25 ಪಾಲು ಶಾಖವನ್ನು ಪಾತ್ರೆಗೆ ಮುಟ್ಟಿಸಬೇಕು. ಅದಕ್ಕಿಂತ ದೊಡ್ಡ ವಿಷಯ, ಅದು ಎತ್ತಿ ಒಯ್ಯುವ ಒಲೆಗಳಿಗೆ ಮಾಡಿದ ಮಾನಕ. ನೀವು ನಮ್ಮಲ್ಲಿ ಸಿಮೆಂಟು ಹಾಕಿ ಕೂರಿಸಿದ ಒಲೆಗೂ ಆ ಸಂಖ್ಯೆಗೂ ಏನು ಸಂಬಂಧ ಎಂದು ಲಿಖಿತವಾಗಿ ತಿಳಿಸಿ.

ಕಟ್ಟಿಗೆ ಯಾಕೆ ಇಷ್ಟು ತಿನ್ನುತ್ತದೆ ಎನ್ನುವುದಕ್ಕೆ ಕಾರಣವೂ ಕಣ್ಣೆದುರೇ ಇದೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ಜಾಲರಿ ಎಂದು ಹೇಳಿ ಕೊಟ್ಟದ್ದು ವೆಲ್ಡಿಂಗ್ ಮಾಡಿದ ತೆಳು ಕಬ್ಬಿಣದ ಸರಳು. ಏಪ್ರಿಲ್ ಹೊತ್ತಿಗೇ ನಡು ಬಗ್ಗಿ ಬೂದಿಗೆ ತಾಗಿತು. ಅಡಿಯಿಂದ ಗಾಳಿ ಬರುವ ದಾರಿ ಮುಚ್ಚಿತು. ದಿನಾ ಬೂದಿ ತೆಗೆದರೂ ಕೆಂಡ ಉಸಿರುಗಟ್ಟಿ ಕಪ್ಪಾಗುತ್ತದೆ. ಕಟ್ಟಿಗೆಯ ಮುಕ್ಕಾಲು ಪಾಲು ಬಿಸಿಗೆ ಅನಿಲವಾಗಿ ಎದ್ದು ಜ್ವಾಲೆಯಾಗಿ ಉರಿಯುವಂಥದ್ದು. ಗಾಳಿ ಸಾಲದಿದ್ದರೆ ಅದೇ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ನನ್ನ ಅಟ್ಟದ ಕಟ್ಟಿಗೆಯೇ ಸೂರಿನ ಕೆಳಗೆ ಕಪ್ಪಗೆ ತೇಲಿ ಹೋಗುತ್ತಿದೆ ಎಂದಾಯಿತು. ಇದಕ್ಕೆ ತಕ್ಕಂತೆ ನಿಮ್ಮ ಬಳಕೆ ಕೈಪಿಡಿ ಬೇರೆ: "ಉರಿ ಹಿಡಿದ ಮೇಲೆ ಒಲೆ ತುಂಬ ಕಟ್ಟಿಗೆ ಹಾಕಿ ಬಾಗಿಲು ಪೂರ್ತಿ ಮುಚ್ಚಿ." ಬರೆದವರು ಒಂದು ದಿನವೂ ಒಲೆ ಮುಂದೆ ಕೂತಿರಲಾರರು. ಮಣಿಕಟ್ಟಿನ ದಪ್ಪದ ಮೂರು ಸೀಳು ಇಟ್ಟು, ತುದಿ ಉರಿದಂತೆ ಒಳಗೆ ನೂಕುತ್ತ ಹೋಗಬೇಕು. ಜ್ವಾಲೆ ಹಳದಿಯಾಗಿ ಪಾತ್ರೆಯ ತಳ ನೆಕ್ಕುತ್ತಿರಬೇಕು. ಒಲೆ ತುಂಬಿ ಬಾಗಿಲು ಮುಚ್ಚಿದರೆ ಕಟ್ಟಿಗೆ ಉರಿಯುವುದಿಲ್ಲ, ಬೇಯುತ್ತದೆ. ಹೊಸದರಲ್ಲಿ ಹದಿನೈದು ದಿನ ನಿಮ್ಮ ಕೈಪಿಡಿಯನ್ನೇ ನಂಬಿದ್ದರ ಫಲ ಕೊಳವೆಯೊಳಗೆ ಡಾಂಬರಿನಂತೆ ಅಂಟಿ ಕೂತಿದೆ. ಅದಕ್ಕೆ ಕಿಡಿ ತಾಗಿದರೆ ಕೊಳವೆಯೇ ಹೊತ್ತಿ ಉರಿಯುತ್ತದೆ, ಮೇಲೆ ನಮ್ಮದು ಮರದ ಪಕಾಸಿಯ ಸೂರು. ಆ ಪುಟವನ್ನು ದಯವಿಟ್ಟು ಹರಿದು ಹಾಕಿ.

ಆ ಡಾಂಬರು ಈಗ ಗೋಡೆಯ ಮೇಲೂ ಇಳಿದಿದೆ. ಕೊಳವೆಯ ತುಂಡು ಜೋಡಿಸುವಾಗ ಮೇಲಿನದು ಕೆಳಗಿನದರ ಒಳಗೆ ಇಳಿಯಬೇಕು. ಆಗ ಏನೇ ಸೋರಿದರೂ ಒಳಗೊಳಗೇ ಇಳಿದು ಒಲೆಗೆ ಬೀಳುತ್ತದೆ. ನಿಮ್ಮವರು ತಿರುವುಮುರುವು ಸಿಕ್ಕಿಸಿದ್ದಾರೆ. ಪ್ರತಿ ಬೆಸುಗೆಯಿಂದಲೂ ಕರಿನೀರು ಇಳಿದು, ದೀಪಾವಳಿಗೆ ಸುಣ್ಣ ಬಳಿದ ಗೋಡೆ ಈಗ ಹುಲಿಯ ಬೆನ್ನಿನಂತಿದೆ. ಇನ್ನು ಹಂಡೆಗೂ ಒಲೆಬಾಯಿಗೂ ನಡುವೆ ಒಂದು ಬೆರಳು ಸಂದಿ, ಅಲ್ಲಿಂದಲೂ ಹೊಗೆ. ಅಳತೆಗೆಂದು ಹಂಡೆಯನ್ನೇ ತೊಳೆದು ತೋರಿಸಿದ್ದೆ. ಅಳೆದವರು ಬರೆದುಕೊಳ್ಳಲಿಲ್ಲ.

ಇದೆಲ್ಲ ಬರೀ ಮಸಿ, ಸುಣ್ಣದ ವಿಷಯವಾಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದೆ. ಮಾವನವರಿಗೆ ಎಂಬತ್ತೊಂದು. ಚಳಿಗೆಂದು ಬೆಳಿಗ್ಗೆ ಒಲೆ ಬುಡದಲ್ಲಿ ಕೂರುವ ರೂಢಿ ಅವರದು. ಜುಲೈ ಕೊನೆಯಲ್ಲಿ ಎರಡು ದಿನ ಸತತ ತಲೆ ಸುತ್ತುತ್ತದೆ, ತಲೆ ನೋಯುತ್ತದೆ ಎಂದರು. ಅಂಗಳಕ್ಕೆ ಕರೆತಂದು ಕೂರಿಸಿದರೆ ಅರ್ಧ ಗಂಟೆಯಲ್ಲಿ ಹಗುರಾಗುತ್ತಿತ್ತು. ಹೊಗೆಯಾದರೂ ಕಣ್ಣಿಗೆ ಕಾಣುತ್ತದೆ. ಉಸಿರುಗಟ್ಟಿದ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಂದಿನಿಂದ ಎಷ್ಟೇ ಇರಚಲು ಹೊಡೆದರೂ ಕಿಟಕಿ ಬಾಗಿಲು ತೆರೆದೇ ಒಲೆ ಹಚ್ಚುತ್ತೇವೆ, ಮಾವನವರು ಜಗಲಿಯಲ್ಲಿ ಕಂಬಳಿ ಹೊದ್ದು ಕೂರುತ್ತಾರೆ.

ಫೆಬ್ರುವರಿಯಲ್ಲಿ ನೀವು ಒಲೆ ಹಚ್ಚಿ ತೋರಿಸಿದ್ದು ನೆನಪಿದೆ. ಮಧ್ಯಾಹ್ನದ ಬಿಸಿಲು, ಎಲೆ ಅಲುಗದ ಗಾಳಿ, ಒಲೆಗೆ ಹಾಕಿದ್ದು ಬರೀ ತೆಂಗಿನ ಗರಟೆ, ಕಾಲು ಗಂಟೆ. ಆ ಕಾಲು ಗಂಟೆ ಹೊಗೆ ಬರಲಿಲ್ಲ, ಒಪ್ಪುತ್ತೇನೆ.

ಈಗ ನಾನು ಕೇಳುವುದು ಇಷ್ಟು. ಕರಪತ್ರದಲ್ಲಿ ಹೇಳಿದ ನಾಲ್ಕು ಇಂಚಿನ ಕೊಳವೆಯನ್ನು ಒಲೆಯಿಂದ ನೆಟ್ಟಗೆ ಮಾಡು ತೂರಿಸಿ, ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಒಯ್ದು ಟೊಪ್ಪಿಗೆ ಹಾಕಿಸಬೇಕು, ಹೆಂಚಿನ ಸಂದಿಯಲ್ಲಿ ನೀರು ಇಳಿಯದಂತೆ ತಗಡು ಕೂರಿಸಬೇಕು. ಜಾಲರಿ ನಿಜವಾದ ಬೀಡಿನದ್ದಾಗಬೇಕು. ಸಂದಿ ಮುಚ್ಚಲು ಹಂಡೆಯ ಅಳತೆಗೆ ಒಂದು ಬಳೆ ಮಾಡಿಸಿಕೊಡಬೇಕು. ಇದಕ್ಕೆ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ. ಇದು ನಿಮ್ಮಿಂದ ಆಗದು ಎಂದಾದರೆ 18,500 ರೂಪಾಯಿ ಹಿಂದಿರುಗಿಸಿ, ಒಲೆ ಕಿತ್ತುಕೊಂಡು ಹೋಗಿ. ಗೋಡೆಗೆ ಸುಣ್ಣ ನಾವೇ ಬಳಿದುಕೊಳ್ಳುತ್ತೇವೆ.

ಸೆಪ್ಟೆಂಬರ್ 8ರೊಳಗೆ ಉತ್ತರ ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಆಮೇಲೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ತೂಕದ ಲೆಕ್ಕ ಬರೆದ ಪುಸ್ತಕ, ಊದುಬತ್ತಿಯ ವಿಡಿಯೊ, ಬಗ್ಗಿದ ಜಾಲರಿ ಮೂರೂ ಜೋಪಾನವಾಗಿವೆ.

ಯಾರನ್ನಾದರೂ ಕಳಿಸುವುದಾದರೆ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಕಳಿಸಿ, ಹಂಡೆಯ ಒಲೆ ಉರಿಯುತ್ತಿರುವಾಗಲೇ ನೋಡಬೇಕು. ಏಣಿ ನೀವೇ ತನ್ನಿ. ನಮ್ಮದು ನೆತ್ತಿಗೆ ಎಟಕುವುದಿಲ್ಲ. ಹಿಂದಿನ ಸಲ ಬಂದ ಹುಡುಗ ಇಕ್ಕಳ ಮರೆತು ಹೋಗಿದ್ದಾನೆ, ಕಿಟಕಿಯ ಮೇಲೆ ಎತ್ತಿಟ್ಟಿದ್ದೇನೆ ಎಂದು ಅವನಿಗೆ ತಿಳಿಸಿ.

ಇತಿ,
ತಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ನಕಲು, ಕರಪತ್ರದ ನಕಲು, ಕೊಳವೆ ಮತ್ತು ಗೋಡೆಯ ಆರು ಫೋಟೊ.