ಲಕ್ಷದ್ವೀಪ: ಪ್ರವಾಸಿಗರ ಉತ್ಸಾಹಕ್ಕಿಂತ ಮೊದಲು ಮಿತಿ ನಿಗದಿಯಾಗಲಿ

ಮಾನ್ಯ ಸಂಪಾದಕರೇ,

ಪ್ರವಾಸಿಗರ ಮನಸ್ಸು ತಿರುಗಿದರೆ ಒಂದು ದೇಶದ ಪ್ರವಾಸೋದ್ಯಮ ಎಷ್ಟು ಬೇಗ ಏರುಪೇರಾಗುತ್ತದೆ ಎಂಬುದಕ್ಕೆ ಮಾಲ್ದೀವ್ಸ್ ನಮ್ಮ ಕಣ್ಣೆದುರಿನ ಉದಾಹರಣೆ. 2023ರಲ್ಲಿ ಅಲ್ಲಿಗೆ ಹೋದ ಭಾರತೀಯರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಆ ವರ್ಷ ಅತಿ ಹೆಚ್ಚು ಪ್ರವಾಸಿಗರು ಹೋದದ್ದು ನಮ್ಮ ದೇಶದಿಂದಲೇ. 2024ರ ಜನವರಿ ಮೊದಲ ವಾರ ಪ್ರಧಾನಿ ನರೇಂದ್ರ ಮೋದಿಯವರು ಲಕ್ಷದ್ವೀಪಕ್ಕೆ ಭೇಟಿ ನೀಡಿದ ಚಿತ್ರಗಳು ಪ್ರಕಟವಾದಾಗ ಮಾಲ್ದೀವ್ಸ್‌ನ ಮೂವರು ಉಪಸಚಿವರು ಅವಹೇಳನಕಾರಿ ಮಾತುಗಳನ್ನಾಡಿ ಅಮಾನತಾದರು. ಆದರೆ ಅಮಾನತಿನಿಂದ ಭಾರತೀಯರ ಸಿಟ್ಟು ಇಳಿಯಲಿಲ್ಲ. ಹೋಗಬೇಡಿ ಎಂದು ಯಾವ ಸರ್ಕಾರಿ ಆದೇಶವೂ ಇರಲಿಲ್ಲ. ಜನ ತಾವಾಗಿಯೇ ಬುಕಿಂಗ್ ರದ್ದು ಮಾಡಿದರು. ವರ್ಷ ಮುಗಿಯುವಾಗ ಅಲ್ಲಿಗೆ ಹೋದ ಭಾರತೀಯರ ಸಂಖ್ಯೆ 1.30 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಪ್ರವಾಸಿಗರನ್ನು ಮರಳಿ ಕರೆಯಲು ಆ ದೇಶದವರು ದೆಹಲಿ, ಮುಂಬೈ ಮತ್ತು ಬೆಂಗಳೂರಿಗೆ ಬಂದು ರೋಡ್ ಶೋ ನಡೆಸಬೇಕಾಯಿತು.

ಮಾಲ್ದೀವ್ಸ್ ಕಳೆದುಕೊಂಡದ್ದರ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಅದೇ ಅಲೆ ಲಕ್ಷದ್ವೀಪದ ಕಡೆ ತಿರುಗಿದಾಗ ಅಲ್ಲಿ ಏನಾಗಬಹುದು ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ ಎಂಬುದೇ ನನ್ನ ಆತಂಕ. ಮಾಲ್ದೀವ್ಸ್‌ಗೆ ಲಕ್ಷದ್ವೀಪವೇ ಉತ್ತರ ಎಂಬ ಮಾತು ದೇಶಾಭಿಮಾನದಿಂದ ಹುಟ್ಟಿದ್ದು, ಅದರಲ್ಲಿ ತಪ್ಪಿಲ್ಲ. ಆದರೆ ಸಾವಿರಕ್ಕೂ ಹೆಚ್ಚು ದ್ವೀಪಗಳಿದ್ದು, ಹಲವು ದಶಕಗಳಿಂದ ಪ್ರವಾಸೋದ್ಯಮವನ್ನೇ ನೆಚ್ಚಿ ವ್ಯವಸ್ಥೆ ಕಟ್ಟಿಕೊಂಡ ದೇಶವನ್ನು, ಒಟ್ಟು ವಿಸ್ತೀರ್ಣ 32 ಚದರ ಕಿಲೋಮೀಟರ್ ಮಾತ್ರವಿರುವ ಲಕ್ಷದ್ವೀಪದ ಜೊತೆ ತೂಗಿ ನೋಡುವುದು ಸರಿಯಲ್ಲ. ಇಲ್ಲಿನ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯ ಹೊತ್ತಿಗೇ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನರಿದ್ದರು, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕಿಂತ ಹೆಚ್ಚು ಮಂದಿ. ಅಲ್ಲಿ ನದಿಯಿಲ್ಲ, ಬೆಟ್ಟವಿಲ್ಲ. ಮರಳಿನಡಿ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಬಾವಿಗೆ ಬರುವುದು ಅದೇ ನೀರು. ಹೆಚ್ಚು ಎತ್ತಿದರೆ ಬಾವಿ ಉಪ್ಪಾಗುತ್ತದೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಲ್ಲೇ ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕ ಸ್ಥಾಪಿಸಬೇಕಾಗಿ ಬಂದದ್ದು ಸ್ಥಳೀಯರ ಅಗತ್ಯಕ್ಕಾಗಿ.

ಮಂಗಳೂರಿನವರಾದ ನಮಗೆ ಈ ದ್ವೀಪಗಳು ದೂರದವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ಮತ್ತು ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು; ದ್ವೀಪದ ಕೊಬ್ಬರಿ, ಹುರಿ ಇಲ್ಲಿಗೆ ಬಂದು, ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇಂದಿಗೂ ಹಳೆ ಬಂದರಿನ ಧಕ್ಕೆಯಲ್ಲಿ ನಿಂತರೆ ತರಕಾರಿ ಮೂಟೆ, ಸಿಮೆಂಟ್ ಚೀಲ, ಜಲ್ಲಿ, ಕಬ್ಬಿಣದ ಸರಳುಗಳನ್ನು ಆಳುಗಳು ಮಂಜಿಗಳಿಗೆ, ಅಂದರೆ ಸರಕು ಸಾಗಿಸುವ ನಾವೆಗಳಿಗೆ, ತುಂಬುವುದನ್ನು ನೋಡಬಹುದು. ಮನೆ ಕಟ್ಟುವ ಜಲ್ಲಿಯಿಂದ ಹಿಡಿದು ಸಾರಿಗೆ ಬೇಕಾದ ಈರುಳ್ಳಿಯವರೆಗೆ ಎಲ್ಲವೂ ದ್ವೀಪಕ್ಕೆ ಸಮುದ್ರ ದಾಟಿಯೇ ಹೋಗಬೇಕು, ಮಳೆಗಾಲದಲ್ಲಿ ಈ ಮಂಜಿಗಳೂ ನಿಲ್ಲುತ್ತವೆ. ಅಲ್ಲಿ ಕಟ್ಟುವ ಪ್ರತಿಯೊಂದು ಹೊಸ ಕೋಣೆಯ ಹೊರೆ ಈ ಧಕ್ಕೆಯ ಮೇಲೂ, ದ್ವೀಪದ ಬಾವಿಯ ಮೇಲೂ ಬೀಳುತ್ತದೆ.

ಬೇಡಿಕೆಗೆ ತಕ್ಕಂತೆ ಸಂಪರ್ಕ ಬೆಳೆಯುತ್ತಿದೆ. 2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಆರಂಭವಾಯಿತು. ಕಡಮತ್ ಮತ್ತು ಸುಹೇಲಿಯಲ್ಲಿ ರೆಸಾರ್ಟ್‌ಗಳ ಘೋಷಣೆ ಅದಕ್ಕೂ ಮೊದಲೇ ಆಗಿತ್ತು. ಆದರೆ ದೇಶವೆಲ್ಲ ಲಕ್ಷದ್ವೀಪದ ಹೆಸರು ಜಪಿಸುತ್ತಿದ್ದ ಅದೇ 2024ರಲ್ಲಿ, ಸಮುದ್ರದ ಶಾಖ ಏರಿ ಅಲ್ಲಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿವೆ ಎಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಎಚ್ಚರಿಸಿತು. ದ್ವೀಪಗಳನ್ನು ಅಲೆಯಿಂದ ಕಾಯುವುದೂ, ಪ್ರವಾಸಿಗರು ನೋಡಬಯಸುವ ತಿಳಿನೀರಿನ ಲಗೂನನ್ನು ಉಳಿಸುವುದೂ ಇದೇ ಹವಳದ ದಿಬ್ಬಗಳು.

ಜನರ ಒಲವು ಯಾವತ್ತೂ ಒಂದೇ ಕಡೆ ನಿಲ್ಲುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾದಾಗ, ತುಂಬಿ ತುಳುಕುತ್ತಿದ್ದ ಕಾಶ್ಮೀರ ಕಣಿವೆ ದಿನ ಬೆಳಗಾಗುವುದರೊಳಗೆ ಬರಿದಾಯಿತು. ಕುದುರೆಯವರು, ಶಿಕಾರ ದೋಣಿಯವರು ದುಡಿಮೆಯಿಲ್ಲದೆ ಕುಳಿತರು. ಲಕ್ಷದ್ವೀಪದ ಮೀನುಗಾರರೂ ತೆಂಗಿನ ಬೆಳೆಗಾರರೂ ಪ್ರವಾಸಿಗರನ್ನಷ್ಟೇ ನಂಬಿ ಕಸುಬು ಬಿಟ್ಟರೆ ನಾಳೆ ಅವರ ಪಾಡೂ ಇದೇ ಆಗಬಹುದು.

ಆದ್ದರಿಂದ ಪ್ರತಿಯೊಂದು ದ್ವೀಪಕ್ಕೂ ದಿನಕ್ಕೆ ಎಷ್ಟು ಪ್ರವಾಸಿಗರು ಎಂಬ ಮಿತಿಯನ್ನು ನೀರು, ಕಸ ವಿಲೇವಾರಿ ಮತ್ತು ಹವಳದ ಸ್ಥಿತಿಯನ್ನು ನೋಡಿ ನಿಗದಿಪಡಿಸಿ, ಬಹಿರಂಗಪಡಿಸಬೇಕು. ಇದಕ್ಕೆ ಹೊಸದಾಗಿ ದಾರಿ ಹುಡುಕಬೇಕಿಲ್ಲ. ಸುಪ್ರೀಂ ಕೋರ್ಟ್ 2012ರಲ್ಲಿ ನೇಮಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ನೇತೃತ್ವದ ತಜ್ಞರ ಸಮಿತಿಯು ದ್ವೀಪಗಳ ಧಾರಣಾ ಸಾಮರ್ಥ್ಯವನ್ನು, ಅಂದರೆ ಅವು ಎಷ್ಟು ಹೊರೆ ತಾಳಬಲ್ಲವು ಎಂಬುದನ್ನು, ನೋಡಿಕೊಂಡೇ ಅಭಿವೃದ್ಧಿ ನಡೆಯಬೇಕೆಂದು ಹೇಳಿದೆ. ಪ್ರವೇಶಕ್ಕೆ ಅನುಮತಿ ಪತ್ರ ಕಡ್ಡಾಯವಾಗಿರುವುದರಿಂದ ಮಿತಿಯನ್ನು ಜಾರಿಗೆ ತರುವುದೂ ಕಷ್ಟವಲ್ಲ. ಮಂಗಳೂರಿನಿಂದ ನಿಯಮಿತ ಪ್ರಯಾಣಿಕ ಹಡಗು ಬೇಕೆಂಬ ಬೇಡಿಕೆಯನ್ನು ನಾನೂ ಬೆಂಬಲಿಸುತ್ತೇನೆ. ಆದರೆ ಅದರಲ್ಲಿ ಮೊದಲ ಸೀಟು ಆಸ್ಪತ್ರೆಗೆ, ಕಾಲೇಜಿಗೆ ಬರುವ ದ್ವೀಪವಾಸಿಗಳಿಗೆ ಮೀಸಲಿರಬೇಕು. ನಮ್ಮ ಜನಪ್ರತಿನಿಧಿಗಳು ಹಡಗನ್ನು ಕೇಳುವಾಗಲೇ ಈ ಎರಡು ಷರತ್ತುಗಳನ್ನೂ ಕೇಂದ್ರದ ಮುಂದಿಡಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಬಂದರು, ಮಂಗಳೂರು