ತರಕಾರಿಯನ್ನು ಬಚ್ಚಿಡಬೇಡಿ, ಚೆನ್ನಾಗಿ ಹುರಿದು ಕೊಡಿ

ಸಂಪಾದಕರಿಗೆ ನಮಸ್ಕಾರ.

ತರಕಾರಿ ಮುಟ್ಟದ ಮಕ್ಕಳ ವಿಷಯ ಎತ್ತಿದರೆ ಸಾಕು, ಎಲ್ಲರೂ ಒಂದೇ ಉಪಾಯ ಹೇಳುತ್ತಾರೆ. ಮಿಕ್ಸಿಗೆ ಹಾಕಿ ರುಬ್ಬಿ, ರೊಟ್ಟಿ ಹಿಟ್ಟಿಗೋ ದೋಸೆ ಹಿಟ್ಟಿಗೋ ಸೇರಿಸಿಬಿಡಿ, ಅವರಿಗೆ ಗೊತ್ತೇ ಆಗಲ್ಲ ಅಂತ. ನಾನೂ ಎರಡು ವರ್ಷ ಅದನ್ನೇ ಮಾಡಿದೆ. ಈಗ ಅದು ತಪ್ಪು ಅಂತ ಅನ್ನಿಸಿದೆ. ನಮ್ಮ ಕೊಡಗು ಜಿಲ್ಲೆಯ ಬೇರೆ ಅಮ್ಮಂದಿರಿಗೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕ ಮಗನಿಗೆ ಆರು ವರ್ಷ. ಅಕ್ಕಿರೊಟ್ಟಿ ಅಂದರೆ ಪ್ರಾಣ. ಅದರಲ್ಲೇ ಕ್ಯಾರೆಟ್, ಬೀಟ್ರೂಟ್, ಸೊಪ್ಪು ಎಲ್ಲ ರುಬ್ಬಿ ಸೇರಿಸುತ್ತಿದ್ದೆ. ಒಂದು ದಿನ ಅವನ ಬಾಯಿಗೆ ಸೊಪ್ಪಿನ ನಾರು ಸಿಕ್ಕಿತು. ‘ಅಮ್ಮಾ, ಇದರಲ್ಲಿ ಏನು ಹಾಕಿದ್ದೀಯಾ?’ ಎಂದು ಕೇಳಿದ. ಏನೂ ಇಲ್ಲ ಮಗ, ಎಂದೆ. ಅವನು ಆ ನಾರನ್ನು ಬೆರಳಲ್ಲಿ ಹಿಡಿದು ತೋರಿಸಿದ. ಆಮೇಲೆ ಮೂರು ವಾರ ರೊಟ್ಟಿಯನ್ನೇ ಬಿಟ್ಟ. ಏನು ಕೊಟ್ಟರೂ ಬಿಡಿಸಿ ನೋಡುವುದು, ಮೂಸುವುದು. ತರಕಾರಿ ತಿನ್ನಲಿ ಅಂತ ಹೋಗಿ ಮಗು ನನ್ನ ಕೈ ಊಟವನ್ನೇ ನಂಬದ ಹಾಗೆ ಮಾಡಿಬಿಟ್ಟೆನಲ್ಲ ಅಂತ ತುಂಬಾ ನೋವಾಯಿತು.

ಅದಾದ ಮೇಲೆ ಜುಲೈ ತಿಂಗಳ ಗಾಳಿ ಮಳೆ. ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಇಲ್ಲಿ ಅದು ಹೊಸದಲ್ಲ ಬಿಡಿ. ಆದರೆ ಮಿಕ್ಸಿ ಇಲ್ಲದೆ ರುಬ್ಬುವ ದಾರಿಯೇ ಇರಲಿಲ್ಲ. ಮನೆಯಲ್ಲಿ ಇದ್ದದ್ದು ಬೀನ್ಸ್ ಮಾತ್ರ. ದೊಡ್ಡವರಿಗಾದರೂ ಆಗಲಿ ಅಂತ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆರಳುದ್ದ ಮುರಿದುಕೊಂಡೆ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ, ತೆಂಗಿನೆಣ್ಣೆ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಬೀನ್ಸ್ ಸುರಿದು ದೊಡ್ಡ ಉರಿಯಲ್ಲಿ ಹುರಿದೆ. ನೀರು ಚಿಮುಕಿಸಲಿಲ್ಲ, ಮುಚ್ಚಳ ಹಾಕಲಿಲ್ಲ. ಅಲ್ಲಲ್ಲಿ ಕಂದು ಚುಕ್ಕಿ ಬಂದ ಮೇಲೆ ಉಪ್ಪು. ಆ ಪರಿಮಳಕ್ಕೆ ಅವನೇ ಒಲೆ ಹತ್ತಿರ ಬಂದು ಒಂದು ಕೇಳಿದ. ಆರಿಸಿ ಕೊಟ್ಟೆ. ಇನ್ನೊಂದು ಕೇಳಿದ. ಅವತ್ತು ಅವನು ಊಟಕ್ಕೆ ಕೂರುವ ಮೊದಲೇ ಅರ್ಧ ಬಾಣಲೆ ಖಾಲಿ.

ಅದೇ ಬೀನ್ಸ್, ಅದೇ ಮಗು. ಬದಲಾಗಿದ್ದು ಅಡುಗೆ ಮಾತ್ರ, ಅಲ್ವಾ? ನಾವು ಒಗ್ಗರಣೆಗೆ ತರಕಾರಿ ಹಾಕಿ, ಮೇಲೆ ನೀರು ಸುರಿದು, ಮುಚ್ಚಳ ಮುಚ್ಚಿ ಬೇರೆ ಕೆಲಸಕ್ಕೆ ಹೋಗುತ್ತೇವೆ. ಬಂದು ನೋಡುವ ಹೊತ್ತಿಗೆ ಬಣ್ಣ ಹೋಗಿ ಮೆತ್ತಗಾಗಿರುತ್ತದೆ. ಬಿಸಿ ಬಾಣಲೆಯಲ್ಲಿ ನೀರಿಲ್ಲದೆ ಹುರಿದರೆ ತರಕಾರಿಯೊಳಗಿನ ನೀರು ಆರಿ ಅದರ ಸಿಹಿ ಗಟ್ಟಿಯಾಗುತ್ತದೆ, ಮೇಲ್ಭಾಗ ಕಂದಾಗಿ ಘಮ ಬರುತ್ತದೆ. ತರಕಾರಿ ಒದ್ದೆ ಇದ್ದರೆ ಅಥವಾ ಬಾಣಲೆ ತುಂಬಾ ತುಂಬಿಸಿದರೆ ಅದು ಹುರಿಯುವುದಿಲ್ಲ, ತನ್ನ ಹಬೆಯಲ್ಲೇ ಬೇಯುತ್ತದೆ. ಜಾಸ್ತಿ ಇದ್ದರೆ ಎರಡು ಸಲ ಹುರಿಯಿರಿ.

ಎಲೆಕೋಸು, ಹೂಕೋಸು ಬೇಯಿಸಿದಷ್ಟೂ ಗಂಧಕದ ವಾಸನೆ ಬಿಡುತ್ತವೆ. ಮಕ್ಕಳು ಮೂಗು ಮುಚ್ಚಿಕೊಳ್ಳುವುದು ಸುಮ್ನೆ ಹಟಕ್ಕಲ್ಲ. ಸಣ್ಣಗೆ ಹೆಚ್ಚಿ ಬೇಗ ಹುರಿದು ಇಳಿಸಿದರೆ ಆ ವಾಸನೆ ಅಷ್ಟಾಗಿ ಏಳುವುದಿಲ್ಲ. ಬೆಂಡೆಕಾಯಿಯನ್ನು ತೊಳೆದು ಪೂರ್ತಿ ಒಣಗಿದ ಮೇಲೆ ಹೆಚ್ಚಬೇಕು. ಹುರಿಯುವಾಗ ಒಂದು ಚಮಚ ಮೊಸರೋ ಸ್ವಲ್ಪ ಹುಳಿಯೋ ಬಿದ್ದರೆ ಲೋಳೆ ಕಡಿಮೆಯಾಗುತ್ತದೆ. ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ 20 ನಿಮಿಷ ಇಟ್ಟು ಹಿಂಡಿ, ಗರಿಗರಿಯಾಗುವ ತನಕ ಹುರಿಯಿರಿ. ಹಿಂಡಿದಾಗ ಕಹಿ ಒಂದಿಷ್ಟು ಹೋಗುತ್ತದೆ, ಉಳಿದ ಕಹಿಯನ್ನು ಉಪ್ಪು ನಾಲಿಗೆಯ ಮೇಲೆ ತಗ್ಗಿಸುತ್ತದೆ.

ಕಹಿಯ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. 1931ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಒಂದು ಪುಡಿ ಗಾಳಿಗೆ ಹಾರಿತಂತೆ. ಜೊತೆಯಲ್ಲಿದ್ದ ಸಹೋದ್ಯೋಗಿ ಕಹಿ ಕಹಿ ಎಂದರು, ಫಾಕ್ಸ್ ಅವರ ನಾಲಿಗೆಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಕೆಲವು ಕಹಿಗಳು ಕೆಲವರಿಗೆ ಹುಟ್ಟಿನಿಂದಲೇ ಜಾಸ್ತಿ ತಿಳಿಯುತ್ತವೆ ಎಂಬುದು ಗೊತ್ತಾದದ್ದು ಹಾಗೆ. ಕೋಸಿನ ಜಾತಿಯ ತರಕಾರಿಗಳ ಕಹಿಯೂ ಅದೇ ತರಹದ್ದು. ಮಕ್ಕಳಿಗಂತೂ ನಮಗಿಂತ ಜಾಸ್ತಿ. ನಮ್ಮ ದೊಡ್ಡವಳು ಎಲ್ಲ ತಿನ್ನುತ್ತಾಳೆ, ಚಿಕ್ಕವನು ತಿನ್ನಲ್ಲ. ‘ಅಕ್ಕನನ್ನು ನೋಡಿ ಕಲಿ’ ಅಂತ ಎಷ್ಟು ಸಲ ಅವನನ್ನು ಬೈದಿದ್ದೇನೋ. ಈಗ ಆ ಮಾತು ಬಿಟ್ಟಿದ್ದೇನೆ. ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಲು 10-15 ಸಲ ರುಚಿ ನೋಡಬೇಕಾಗಬಹುದು. ನಾವು ಮೂರನೇ ಸಲಕ್ಕೇ ‘ಇವನಿಗೆ ಆಗಲ್ಲ’ ಎಂದು ಕೈಬಿಡುತ್ತೇವೆ.

ನಮ್ಮ ಕೊಡಗಿನವರಿಗೆ ಇದನ್ನೆಲ್ಲ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಹೆಚ್ಚಿ, ದಿನಾ ನೀರು ಬದಲಿಸಿ, ಮೂರು ದಿನ ಕಾಯುತ್ತೇವೆ. ಕೆಸುವಿನ ಎಲೆ ಗಂಟಲು ತುರಿಸಬಾರದು ಅಂತ ಹುಳಿ ಹಾಕುತ್ತೇವೆ. ಕಾಡಿನ ಕಣಿಲೆಗೆ ಮೂರು ದಿನ ಕೊಡುವ ನಾವು, ಸಂತೆಯಿಂದ ತಂದ ಬೀನ್ಸ್ ಪಕ್ಕದಲ್ಲಿ ಐದು ನಿಮಿಷ ನಿಲ್ಲಲ್ಲ. ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ ಕಾಚಂಪುಳಿಯನ್ನೂ ಹಂದಿ ಕರಿ, ಮೀನು ಸಾರಿಗೆ ಅಂತಲೇ ಎತ್ತಿಡುತ್ತೇವೆ. ಹುರಿದ ಕುಂಬಳಕಾಯಿಗೋ ಬದನೆಗೋ ಒಲೆಯಿಂದ ಇಳಿಸುವ ಹೊತ್ತಿಗೆ ಎರಡೇ ಹನಿ ಬಿಟ್ಟು ನೋಡಿ. ಮೊದಲೇ ಹಾಕಬೇಡಿ. ಹುಳಿ ಬಿದ್ದರೆ ತರಕಾರಿ ಬೇಯಲು ತಡವಾಗುತ್ತದೆ, ಹಸಿರು ಬಣ್ಣವೂ ಕೆಡುತ್ತದೆ.

ಕೊಡವರ ಕಕ್ಕಡ ತಿಂಗಳ 18ನೇ ದಿನ ನೆನಪಿಸಿಕೊಳ್ಳಿ. ಆಗಸ್ಟ್ 3ಕ್ಕೆ ಮದ್ದುಸೊಪ್ಪು ಕುದಿಸಿ ಆ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತೇವೆ. ಅದೂ ಸೊಪ್ಪಿನ ರಸವೇ, ಅದಕ್ಕೊಂದು ಔಷಧಿ ವಾಸನೆಯೂ ಇದೆ. ಆದರೂ ಯಾವ ಮಗುವೂ ಬೇಡ ಅನ್ನುವುದನ್ನು ನಾನು ನೋಡಿಲ್ಲ. ನಾಲಿಗೆ ಯಾರದ್ದು ಜಾಸ್ತಿ ನೇರಳೆ ಅಂತ ತೋರಿಸಿಕೊಳ್ಳುತ್ತಾರೆ, ಮಾರನೇ ದಿನ ಮೂತ್ರ ಕೆಂಪಾಯಿತು ಅಂತ ಕೂಗಿ ಹೇಳುತ್ತಾರೆ. ಅಲ್ಲಿ ಬೆಲ್ಲ ಇದೆ, ತೆಂಗಿನಕಾಯಿ ಇದೆ, ಮನೆಯವರೆಲ್ಲ ಕೂತು ಅದನ್ನೇ ತಿನ್ನುತ್ತಾರೆ. ಯಾರೂ ಸೊಪ್ಪನ್ನು ಬಚ್ಚಿಡುವುದಿಲ್ಲ. ಇದು ಮದ್ದುಸೊಪ್ಪು, ಈ ದಿನ ಮಾತ್ರ ಅಂತ ಹೆಸರು ಹೇಳಿಯೇ ಬಡಿಸುತ್ತೇವೆ.

ಹಾಗಾಗಿ ಈಗ ಮಡಿಕೇರಿಯ ಶುಕ್ರವಾರದ ಸಂತೆಗೆ ಮಗನನ್ನೂ ಕರೆದುಕೊಂಡು ಹೋಗುತ್ತೇನೆ. ಬೀನ್ಸ್ ಮುರಿದರೆ ಟಕ್ ಅನ್ನಬೇಕು ಅಂತ ಹೇಳಿಕೊಟ್ಟಿದ್ದೇನೆ. ಅವನು ಆರಿಸಿ ತಂದದ್ದನ್ನು ಅವನೇ ಮುರಿದು ಕೊಡುತ್ತಾನೆ. ಎಲ್ಲವನ್ನೂ ತಿನ್ನುತ್ತಾನೆ ಅಂತ ಹೇಳಲಾರೆ. ಬದನೆ ಈಗಲೂ ಮುಟ್ಟಲ್ಲ. ಬೀನ್ಸ್, ಬೆಂಡೆ, ಕೋಸು, ಕುಂಬಳ ತಿನ್ನುತ್ತಾನೆ.

ಶಾಲೆಯ ಊಟದ ಬಗ್ಗೆಯೂ ಒಂದು ಮಾತು. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, ಆರರಿಂದ ಎಂಟರವರಿಗೆ 75 ಗ್ರಾಂ ತರಕಾರಿ ಕೊಡಬೇಕೆಂಬ ನಿಯಮ ಇದೆ. ತೂಕಕ್ಕೆ ಹಾಕಿದರೂ ಹೊಟ್ಟೆಗೆ ಎಷ್ಟು ಹೋಗುತ್ತದೆ? ನಾನು ನೋಡಿದ ಒಂದು ಶಾಲೆಯಲ್ಲಿ ತರಕಾರಿಯನ್ನು ಬೇಳೆ ಜೊತೆಗೇ ಹಾಕಿ ಬೇಯಿಸುತ್ತಿದ್ದರು, ಮಕ್ಕಳು ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಸಾರು ಅನ್ನ ಮಾತ್ರ ಉಣ್ಣುತ್ತಿದ್ದರು. ಅಡುಗೆಯ ಅಕ್ಕಂದಿರನ್ನು ದೂರುತ್ತಿಲ್ಲ. ಅಷ್ಟು ಮಕ್ಕಳಿಗೆ ಒಂದೇ ಹೊತ್ತಿಗೆ ಬೇಯಿಸುವ ಕಷ್ಟ ನನಗೆ ಗೊತ್ತು. ಹುರಿದು ಕೊಡಿ ಅಂತ ಅವರನ್ನು ಕೇಳುವುದೂ ಸರಿಯಲ್ಲ. ಆದರೆ ಬೇಳೆ ಬೆಂದ ಮೇಲೆ ತರಕಾರಿ ಹಾಕಿದರೆ ಹೆಚ್ಚಿನ ಖರ್ಚೂ ಇಲ್ಲ, ಕೆಲಸವೂ ಇಲ್ಲ. ಶಾಲೆಗೆ ಹೋಗಿಬರುವ ತಂದೆ ತಾಯಂದಿರು ಇದನ್ನು ಪ್ರೀತಿಯಿಂದ ಹೇಳಬಹುದು.

ಸಂಪಾದಕರೇ, ನನ್ನದೊಂದು ಕೋರಿಕೆ. ವಾರಕ್ಕೊಮ್ಮೆ ಪತ್ರಿಕೆಯ ಒಂದು ಸಣ್ಣ ಮೂಲೆಯನ್ನು ಇದಕ್ಕೆ ಕೊಡಿ. ಓದುಗರು ತಮ್ಮ ಮನೆಯ ಮಕ್ಕಳು ನಿಜವಾಗಿ ತಿಂದ ಒಂದೊಂದು ತರಕಾರಿ ಅಡುಗೆ ಬರೆದು ಕಳಿಸಲಿ. ಮೊದಲನೆಯದು ನನ್ನದು. ಎಲೆಕೋಸನ್ನು ನೂಲಿನ ಹಾಗೆ ಹೆಚ್ಚಿ, ಕಾದ ಎಣ್ಣೆಗೆ ಸಾಸಿವೆ, ಕರಿಬೇವು, ಒಂದು ಹಸಿಮೆಣಸು ಹಾಕಿ, ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಕೈಬಿಡದೆ ತಿರುವಿ. ಅಂಚು ಕಂದಾದ ಕೂಡಲೇ ಉಪ್ಪು, ಒಂದು ಹಿಡಿ ತೆಂಗಿನತುರಿ ಸೇರಿಸಿ ಇಳಿಸಿ. ಬಿಸಿ ಇರುವಾಗಲೇ ಅಕ್ಕಿರೊಟ್ಟಿಯ ಪಕ್ಕದಲ್ಲಿ, ಕಾಣುವ ಹಾಗೆ ಬಡಿಸಿ.

– ಇಬ್ಬರು ಮಕ್ಕಳ ತಾಯಿ, ಮಡಿಕೇರಿ ತಾಲ್ಲೂಕು