ಬಿಲ್ಲಿನ ಹಿಂದೆ ಬರೆದುಕೊಟ್ಟ ಅಕ್ಕನಿಗೆ

ಅಮ್ಮನ ಸ್ತನ ಕ್ಯಾನ್ಸರ್ ವಾಸಿಯಾಗಿ 6 ವರ್ಷ ಆಗಿತ್ತು. ಶ್ವಾಸಕೋಶದಲ್ಲಿ ಗಂಟುಗಳು ಕಂಡವು, ಪೆಟ್ ಸ್ಕ್ಯಾನಿನಲ್ಲೂ ಹೊಳೆದವು. ಮತ್ತೆ ಬಂತು ಅಂದುಕೊಂಡೆವು. ಉರಿಯೂತ ಇದ್ದರೂ ಹಾಗೇ ಹೊಳೆಯುತ್ತದೆ ಅಂತ ನಮಗೇನು ಗೊತ್ತು?

ಕಾರಿಡಾರಿನಲ್ಲಿ ಅಳುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತ ನೀವು, ಹೆಸರೂ ಹೇಳದೆ, ಅಮ್ಮನ ಮೂಗಿನಲ್ಲಿ ರಕ್ತದ ಹೆಕ್ಕಳೆ ಕಟ್ಟುತ್ತದಾ, ಮೂತ್ರ ಕೆಂಪಗಿದೆಯಾ ಅಂತ ಕೇಳಿ, ನಿಮ್ಮ ತಂಗಿಗೂ ಹೀಗೇ ಆಗಿತ್ತು ಅಂದು, ಔಷಧಿ ಬಿಲ್ಲಿನ ಹಿಂದೆ 'ಆಂಕಾ ಟೆಸ್ಟ್, ಬಯಾಪ್ಸಿ ಬಗ್ಗೆ ಕೇಳಿ' ಅಂತ ಬರೆದುಕೊಟ್ಟಿರಿ. ಆ ಆಂಕಾ ರಕ್ತಪರೀಕ್ಷೆಯಲ್ಲಿ ಪಿಆರ್3 ಪಾಸಿಟಿವ್, ಅಂದರೆ ಸ್ವಂತ ದೇಹದ ಮೇಲೇ ದಾಳಿ ಮಾಡುವ ಪ್ರತಿಕಾಯಗಳು ರಕ್ತದಲ್ಲಿದ್ದವು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ, ಜಿಪಿಎ ಅನ್ನುವ ರಕ್ತನಾಳಗಳ ಉರಿಯೂತ! ಇದೇನೂ ಸಣ್ಣ ಕಾಯಿಲೆ ಅಲ್ಲ, ಕಿಡ್ನಿಯನ್ನೂ ಹಾಳು ಮಾಡಬಹುದು. ಆದರೆ ಸ್ಟೀರಾಯ್ಡ್, ರಿಟುಕ್ಸಿಮ್ಯಾಬ್ ಕೊಟ್ಟ ಮೇಲೆ ಗಂಟುಗಳು ಕರಗುತ್ತಿವೆ.

ತುಂಬಾ ಥ್ಯಾಂಕ್ಸ್ ಅಕ್ಕ. ಅಮ್ಮ ಈಗ ಉಪ್ಪು ಕಮ್ಮಿ ಅಂತ ಗೊಣಗುತ್ತಾ ಉಪ್ಪಿಟ್ಟು ತಿನ್ನುತ್ತಿದ್ದಾರೆ. ಆ ಬಿಲ್ಲು ಇನ್ನೂ ನನ್ನ ಪರ್ಸಿನಲ್ಲಿದೆ.